ಎರಡು ಸುಳಿ, ಕುಜದೋಷ, ಕಂಕಣಬಲ: ಮದುವೆ ನಂಬಿಕೆಗಳ ಬಗ್ಗೆ ಪದೇ ಪದೇ ಕೇಳುವ ಪ್ರಶ್ನೆಗಳು

ತುಮಕೂರು, ಕೋಲಾರ, ಚಿಕ್ಕಬಳ್ಳಾಪುರ ಕಡೆ ಮನೆಯಲ್ಲಿ ಮದುವೆ ವಯಸ್ಸಿಗೆ ಬಂದ ಮಗನೋ ಮಗಳೋ ಇದ್ದರೆ ಸಾಕು, ಬೀದಿಯಲ್ಲಿರುವವರೆಲ್ಲ ಪಂಡಿತರಾಗುತ್ತಾರೆ. ಅಕ್ಕಿ ತಿನ್ನಬೇಡ ಅನ್ನುವವರು ಒಬ್ಬರು, ನಾಗರಕಲ್ಲು ಹಾಕಿಸಿ ಅನ್ನುವವರು ಇನ್ನೊಬ್ಬರು. ನನ್ನ ಹತ್ತಿರ ಜನ ಮತ್ತೆ ಮತ್ತೆ ಕೇಳುವ ಪ್ರಶ್ನೆಗಳನ್ನು ಇಲ್ಲಿ ಒಟ್ಟಿಗೆ ಹಾಕಿದ್ದೇನೆ. ನಾನು ನಾಸ್ತಿಕಳಲ್ಲ, ಹಬ್ಬ ಮಾಡುತ್ತೇನೆ, ಜಾತ್ರೆಗೆ ಹೋಗುತ್ತೇನೆ. ಆದರೆ ಯಾವುದೇ ನಂಬಿಕೆ ಎದುರಾದರೂ ಮೊದಲು ಒಂದು ವಿಷಯ ನೋಡುತ್ತೇನೆ: ಇದಕ್ಕೆ ಬೆಲೆ ತೆರುವವರು ಯಾರು? ಯಾರೂ ಇಲ್ಲ ಅಂದರೆ ಮಾಡಿ, ಖುಷಿಪಡಿ. ಮನೆಯ ಹೆಣ್ಣುಮಗಳು ತೆರಬೇಕು ಅಂದರೆ ಅಲ್ಲಿ ನಿಂತು ಮಾತಾಡಬೇಕು.

ತಲೆಯಲ್ಲಿ ಎರಡು ಸುಳಿ ಇದ್ದರೆ ಎರಡು ಮದುವೆ ಆಗುತ್ತದಾ?

ಇಲ್ಲ. ಸುಳಿ ಅಂದರೆ ಕೂದಲು ಹುಟ್ಟುವ ದಿಕ್ಕು ತಿರುಗುವ ಜಾಗ, ಮಗು ಹೊಟ್ಟೆಯಲ್ಲಿರುವಾಗಲೇ ತೀರ್ಮಾನವಾಗಿರುತ್ತದೆ. ಹೆಚ್ಚಿನವರಿಗೆ ಒಂದು, ಕೆಲವರಿಗೆ ಎರಡು. ಎರಡು ಸುಳಿ ಇದ್ದೂ ಒಂದು ಮದುವೆಯೂ ಆಗದೆ ಓಡಾಡುತ್ತಿರುವ ಹುಡುಗರು ನಮ್ಮ ಹಳ್ಳಿಗಳಲ್ಲಿ ಬೇಕಾದಷ್ಟಿದ್ದಾರೆ, ಅವರನ್ನು ಕೇಳಿ ನೋಡಿ. ಇದು ಕ್ಷೌರದಂಗಡಿಯ ತಮಾಷೆ. ಹುಡುಗನಿಗೆ ಹೇಳಿದರೆ ಅವನು ನಗುತ್ತಾನೆ. ಹುಡುಗಿಗೆ ಹೇಳಿದರೆ ಮಾತ್ರ ಅವಳ ಅಮ್ಮನ ಮುಖ ಬಾಡುತ್ತದೆ, ಅದನ್ನೂ ಗಮನಿಸಿ.

ಹಸಿ ಅಕ್ಕಿ, ಕಾಯಿತುರಿ ತಿಂದರೆ ಮದುವೆ ದಿನ ಮಳೆ ಬರುತ್ತದಂತೆ, ನಿಜವಾ?

ಅಡುಗೆಮನೆಯಲ್ಲಿ ಡಬ್ಬಕ್ಕೆ ಕೈ ಹಾಕುವ ಮಕ್ಕಳನ್ನು ಹೆದರಿಸಲು ಹುಟ್ಟಿದ ಮಾತು ಅಂತ ನನ್ನ ಅನಿಸಿಕೆ. ಆದರೂ ಮದುವೆಯಲ್ಲಿ ಮಳೆ ಬರುವುದು ಜಾಸ್ತಿಯೇ, ಅದಕ್ಕೆ ಕಾರಣ ಬೇರೆ. ನಮ್ಮಲ್ಲಿ ಮದುವೆಗಳು ಹೆಚ್ಚು ನಡೆಯುವುದು ಏಪ್ರಿಲ್, ಮೇ ತಿಂಗಳಲ್ಲಿ. ಮುಂಗಾರಿಗೆ ಮುಂಚೆ ಗುಡುಗು ಸಿಡಿಲಿನ ಮಳೆ ಬರುವುದೂ ಅದೇ ತಿಂಗಳುಗಳಲ್ಲಿ, ಶ್ರೀನಿವಾಸಪುರದ ಮಾವಿನ ತೋಟದವರು ಆಕಾಶ ನೋಡುತ್ತಾ ಕೂರುವ ಕಾಲ ಅದು. ಈ ಮಳೆ ಬೆಳಗ್ಗೆ ಬರುವುದು ಕಡಿಮೆ, ದಿನವೆಲ್ಲ ನೆಲ ಕಾದು ಸಂಜೆ ಹೊತ್ತಿಗೆ ಮೋಡ ಕಟ್ಟುತ್ತದೆ, ಸರಿಯಾಗಿ ಆರತಕ್ಷತೆಗೆ ಶಾಮಿಯಾನ ಹಾಕಿ ಆರ್ಕೆಸ್ಟ್ರಾದವರು ಮೈಕ್ ಟೆಸ್ಟ್ ಮಾಡುವ ಹೊತ್ತಿಗೆ ಸುರಿಯುತ್ತದೆ. ಮದುಮಗಳು ಅಕ್ಕಿ ತಿಂದಿದ್ದರೂ ಅಷ್ಟೇ, ತಿನ್ನದಿದ್ದರೂ ಅಷ್ಟೇ. ಅಂದಹಾಗೆ ಮಳೆಯೇ ಕಡಿಮೆ ಇರುವ ಪಾವಗಡ, ಗುಡಿಬಂಡೆ ಕಡೆ ಮದುವೆಯಲ್ಲಿ ಮಳೆ ಬಂದರೆ ಯಾರೂ ಬೈಯುವುದಿಲ್ಲ. ಹುಡುಗಿ ಕಾಲ್ಗುಣ ಚೆನ್ನಾಗಿದೆ ಅನ್ನುತ್ತಾರೆ.

ಗೋರಂಟಿ ಕೆಂಪಗೆ ಬಂದರೆ ಗಂಡ ಜಾಸ್ತಿ ಪ್ರೀತಿ ಮಾಡುತ್ತಾನಾ?

ಸೊಪ್ಪು ಎಳೆಯದೋ ಬಲಿತದ್ದೋ, ಎಷ್ಟು ಹೊತ್ತು ಇಟ್ಟುಕೊಂಡಿರಿ, ಅಂಗೈ ಎಷ್ಟು ಬೆಚ್ಚಗಿತ್ತು ಅನ್ನುವುದರ ಮೇಲೆ ಬಣ್ಣ ನಿಂತಿದೆ. ಎಲೆಯಲ್ಲಿರುವ ಲಾಸೋನ್ ಅನ್ನುವ ವಸ್ತು ಚರ್ಮದ ಮೇಲ್ಪದರಕ್ಕೆ ಅಂಟಿಕೊಳ್ಳುತ್ತದೆ. ತೆಗೆದ ತಕ್ಷಣ ಕಿತ್ತಳೆ ಇರುತ್ತದೆ, ಒಂದೆರಡು ದಿನದಲ್ಲಿ ಗಾಢವಾಗುತ್ತದೆ. ಹಾಗಾಗಿ ಮದುವೆಗೆ ಎರಡು ದಿನ ಮುಂಚೆ ಹಚ್ಚಿದವಳಿಗೆ ಪ್ರೀತಿ ಜಾಸ್ತಿ ಸಿಗುತ್ತದೆ ಅಂತ ಬೇಕಾದರೆ ಹೇಳಬಹುದು! ಒಂದು ಎಚ್ಚರ: ಅರ್ಧ ಗಂಟೆಯಲ್ಲಿ ಕಪ್ಪಗಾಗುತ್ತದೆ ಅಂತ ಮಾರುವ ಕೋನ್‌ಗಳಲ್ಲಿ ಕೂದಲಿಗೆ ಹಾಕುವ ರಾಸಾಯನಿಕ ಇರಬಹುದು, ಕೆಲವರಿಗೆ ಕೈಯೆಲ್ಲ ಬೊಬ್ಬೆ ಬರುತ್ತದೆ. ಹಿತ್ತಲ ಸೊಪ್ಪೇ ವಾಸಿ.

ಕಾಲಿನ ಎರಡನೇ ಬೆರಳು ಹೆಬ್ಬೆರಳಿಗಿಂತ ಉದ್ದ ಇದ್ದರೆ ಗಂಡನನ್ನು ಆಳುತ್ತಾಳಂತೆ?

ಆಳಲಿ ಬಿಡಿ, ಏನಾಯಿತು ಈಗ? ಬೆರಳಿನ ಹಿಂದಿನ ಮೂಳೆಯ ಉದ್ದ ಅದು, ಗಂಡಸರಿಗೂ ಇರುತ್ತದೆ. ಹೆಣ್ಣು ನೋಡಲು ಬಂದವರು ಹುಡುಗಿಯ ಪಾದ ನೋಡಿ ಪಿಸುಗುಟ್ಟುವುದನ್ನು ಕಂಡಿದ್ದೇನೆ. ಹುಡುಗನ ಬೂಟು ಬಿಚ್ಚಿಸಿ ನೋಡಿದ್ದನ್ನು ಮಾತ್ರ ಇನ್ನೂ ಕಂಡಿಲ್ಲ.

ಎಡಗಣ್ಣು ಅದುರಿದರೆ, ಬಿಕ್ಕಳಿಕೆ ಬಂದರೆ, ನೆತ್ತಿ ಹತ್ತಿದರೆ ಅವರು ನೆನೆಸಿಕೊಳ್ಳುತ್ತಿದ್ದಾರಾ?

ಹೆಣ್ಣಿಗೆ ಎಡ, ಗಂಡಿಗೆ ಬಲಗಣ್ಣು ಅದುರಿದರೆ ಶುಭ ಅನ್ನುತ್ತಾರೆ. ನಿದ್ದೆ ಕಡಿಮೆಯಾದರೆ, ಕಾಫಿ ಜಾಸ್ತಿಯಾದರೆ, ಫೋನ್ ನೋಡಿ ನೋಡಿ ಕಣ್ಣು ದಣಿದರೆ ರೆಪ್ಪೆ ಅದುರುತ್ತದೆ. ಪ್ರೀತಿಯಲ್ಲಿ ಬಿದ್ದವರು ರಾತ್ರಿ ಎರಡು ಗಂಟೆವರೆಗೂ ಚಾಟ್ ಮಾಡುವುದರಿಂದ ಅವರಿಗೆ ಕಣ್ಣು ಅದುರುವುದು ಸಹಜವೇ. ಬಿಕ್ಕಳಿಕೆಗೆ ನೀರು ಕುಡಿಯಿರಿ.

ಶಾಲೆಯಲ್ಲಿ ಹೆಸರು ಬರೆದು ಫ್ಲೇಮ್ಸ್ ಆಡುತ್ತಿದ್ದೆವು. ಯಾವಾಗಲೂ ಎನಿಮಿ ಬರುತ್ತಿತ್ತು, ಯಾಕೆ?

ಇದು ನನ್ನ ಇಷ್ಟದ ಪ್ರಶ್ನೆ. ನೋಟ್‌ಬುಕ್ಕಿನ ಕೊನೇ ಹಾಳೆಯಲ್ಲಿ ಇಬ್ಬರ ಹೆಸರನ್ನು ಇಂಗ್ಲಿಷಿನಲ್ಲಿ ಬರೆದು, ಎರಡರಲ್ಲೂ ಇರುವ ಅಕ್ಷರ ಹೊಡೆದು ಹಾಕಿ, ಉಳಿದದ್ದನ್ನು ಎಣಿಸಿ, ಆ ಲೆಕ್ಕದಲ್ಲಿ ಎಫ್ ಎಲ್ ಎ ಎಂ ಇ ಎಸ್ ಅನ್ನು ಸುತ್ತುತ್ತಾ ಒಂದೊಂದೇ ಅಕ್ಷರ ಅಳಿಸುವ ಆಟ. ಫ್ರೆಂಡ್, ಲವ್, ಅಫೆಕ್ಷನ್, ಮ್ಯಾರೇಜ್, ಎನಿಮಿ, ಸಿಸ್ಟರ್. ಇಲ್ಲಿ ಹೆಸರಿಗೆ ಬೆಲೆಯೇ ಇಲ್ಲ, ಉಳಿದ ಅಕ್ಷರ ಎಷ್ಟು ಅನ್ನುವುದಕ್ಕೆ ಮಾತ್ರ ಬೆಲೆ. ಕೂತು ಲೆಕ್ಕ ಹಾಕಿ ನೋಡಿ: 1 ಉಳಿದರೆ ಸಿಸ್ಟರ್, 3 ಮತ್ತು 5ಕ್ಕೆ ಫ್ರೆಂಡ್, 6ಕ್ಕೆ ಮ್ಯಾರೇಜ್, 8ಕ್ಕೆ ಅಫೆಕ್ಷನ್. 2, 4, 7, 9 ನಾಲ್ಕಕ್ಕೂ ಎನಿಮಿ! ಲವ್ ಬರಬೇಕು ಅಂದರೆ 10 ಉಳಿಯಬೇಕು. ಅಂದರೆ ಹತ್ತರೊಳಗಿನ ಲೆಕ್ಕದಲ್ಲಿ ಎನಿಮಿಗೆ ನಾಲ್ಕು ಬಾಗಿಲು, ಲವ್‌ಗೆ ಒಂದೇ ಬಾಗಿಲು. ಹೆಸರಿನ ಕೊನೆಗೆ ಇನ್ನೊಂದು 'ಎ' ಸೇರಿಸಿ ಭವಿಷ್ಯ ಬದಲಿಸಿಕೊಂಡ ಗೆಳತಿಯರು ನಮ್ಮ ಕ್ಲಾಸಿನಲ್ಲೂ ಇದ್ದರು. ಸಂಖ್ಯಾಶಾಸ್ತ್ರದವರು ದೊಡ್ಡವರಿಗೆ ದುಡ್ಡು ತೆಗೆದುಕೊಂಡು ಮಾಡುವುದೂ ಇದನ್ನೇ.

ಹೆಣ್ಣು ನೋಡಲು ಹೊರಟಾಗ ಬೆಕ್ಕು ಅಡ್ಡ ಬಂತು, ವಾಪಸ್ ಹೋಗಬೇಕಾ? ಮೂರು ಜನ ಹೋಗಬಾರದಾ?

ಬೆಕ್ಕು ಅದರ ಕೆಲಸಕ್ಕೆ ಹೋಗುತ್ತಿತ್ತು. ಮೂರು ಜನ ಹೋದರೆ ಕೆಲಸ ಆಗಲ್ಲ ಅಂತ ಪಕ್ಕದ ಮನೆಯವರನ್ನು ಸುಮ್ನೆ ನಾಲ್ಕನೆಯವರಾಗಿ ಕರೆದುಕೊಂಡು ಹೋಗುತ್ತಾರೆ, ಆಮೇಲೆ ಆ ನಾಲ್ಕನೆಯವರೇ ಹುಡುಗಿ ಬಣ್ಣ ಕಡಿಮೆ ಅಂತ ಕಡ್ಡಿ ಆಡಿಸುತ್ತಾರೆ. ಹಲ್ಲಿ ಲೊಚಗುಟ್ಟಿದರೆ ಆಡಿದ ಮಾತು ಸತ್ಯ ಅಂತ ನೆಲ ಕುಟ್ಟಿ ಕೃಷ್ಣ ಕೃಷ್ಣ ಅನ್ನುವವರಿದ್ದಾರೆ. ಅದೇ ಹಲ್ಲಿ ಮೈಮೇಲೆ ಬಿದ್ದರೆ ಪಂಚಾಂಗ ಹುಡುಕುತ್ತಾರೆ.

ರಾಹುಕಾಲ ದಿನಕ್ಕೆ ಒಂದೂವರೆ ಗಂಟೆ. ಸೋಮವಾರ ಬೆಳಗ್ಗೆ 7.30ರಿಂದ 9, ಶುಕ್ರವಾರ 10.30ರಿಂದ 12, ಭಾನುವಾರ ಸಂಜೆ 4.30ರಿಂದ 6 ಹೀಗೆ. ಇಷ್ಟು ತಪ್ಪಿಸುವುದು ಕಷ್ಟವಲ್ಲ, ಹಿರಿಯರಿಗೆ ಸಮಾಧಾನ ಆಗುತ್ತದೆ ಅಂದರೆ ತಪ್ಪಿಸಿ. ನಾನು ಜಗಳ ಮಾಡುವುದು ಒಂದೇ ವಿಷಯಕ್ಕೆ. ಗಂಡ ಸತ್ತ ಹೆಂಗಸು ಎದುರು ಬಂದರೆ ಅಪಶಕುನ ಅಂತ ಮನೆಯ ಅಜ್ಜಿಯನ್ನೋ ಚಿಕ್ಕಮ್ಮನನ್ನೋ ಒಳಗೆ ಕಳಿಸುತ್ತಾರಲ್ಲ, ಆ ಹುಡುಗನನ್ನು ಎತ್ತಿ ಆಡಿಸಿದವರು ಅವರೇ. ಅವರನ್ನು ಮುಂದೆ ಕೂರಿಸಿಕೊಂಡು ಹೋಗಿ.

ದೇವರ ಬಲಗಡೆ ಹೂ ಬಿತ್ತು, ಕಾಯಲ್ಲೂ ಹೂ ಬಂತು. ಸಂಬಂಧ ಒಪ್ಪಿಕೊಳ್ಳೋಣವಾ?

ನಮ್ಮ ಮೂರೂ ಜಿಲ್ಲೆಯಲ್ಲಿ ಹೂವಿನ ಪ್ರಸಾದ ಕೇಳದೆ ಸಂಬಂಧ ಮುಂದುವರಿಸದ ಮನೆಗಳಿವೆ. ಒದ್ದೆ ಕಲ್ಲಿನ ಮೇಲೆ ಅಂಟಿಸಿದ ಹೂವು, ನೀರು ಆರುತ್ತಾ ಬಂದ ಹಾಗೆ ಬೀಳಲೇಬೇಕು. ಕಾಯುವ ತಾಳ್ಮೆ ಇದ್ದರೆ ಎರಡೂ ಕಡೆಯವು ಬೀಳುತ್ತವೆ. ಎಡಗಡೆ ಬಿದ್ದರೆ ಇನ್ನೊಂದು ಸಲ ಕೇಳೋಣ ಅನ್ನುತ್ತೇವೆ, ಬಲಗಡೆ ಬಿದ್ದಾಗ ಯಾರೂ ಇನ್ನೊಂದು ಸಲ ಕೇಳುವುದಿಲ್ಲ. ಅಲ್ಲಿಗೆ ಮನಸ್ಸಿನಲ್ಲಿ ಮೊದಲೇ ಒಪ್ಪಿಗೆ ಇತ್ತು ಅಂತ ಆಯಿತು, ಅಲ್ವಾ?

ಕಾಯಿಯೊಳಗಿನ ಹೂವಿನ ಬಗ್ಗೆ ತಿಪಟೂರಿನವರನ್ನು ಕೇಳಿ. ಬಲಿತ ಕಾಯಿ ಮೊಳಕೆ ಒಡೆಯಲು ಶುರುವಾದಾಗ ಒಳಗೆ ಬೆಳೆಯುವ ಮೆತ್ತನೆಯ ಉಂಡೆ ಅದು. ಹಳೇ ಕಾಯಿ ಒಯ್ದರೆ ಹೂ ಬರುತ್ತದೆ, ತೀರಾ ಹಳೆಯದು ಒಯ್ದರೆ ಕೆಟ್ಟಿರುತ್ತದೆ. ಕಾಯಿ ಕೆಟ್ಟಿತು ಅಂತ ನಿಶ್ಚಿತಾರ್ಥದ ದಿನ ಮುಖ ಸಪ್ಪೆ ಮಾಡಿಕೊಂಡವರಿಗೆ ನಾನು ಹೇಳುವುದು, ಅಂಗಡಿ ಬದಲಿಸಿ.

ಮಗಳಿಗೆ ಕುಜದೋಷ ಇದೆ ಅಂದರು. ಎಷ್ಟು ಹೆದರಬೇಕು?

ಹೆದರುವ ಮುಂಚೆ ಲೆಕ್ಕ ನೋಡಿ. ಜಾತಕದಲ್ಲಿ 12 ಮನೆ. ಲಗ್ನದಿಂದ, ಅಂದರೆ ಹುಟ್ಟಿದ ಹೊತ್ತಿಗೆ ಪೂರ್ವದಲ್ಲಿ ಉದಯಿಸುತ್ತಿದ್ದ ರಾಶಿಯಿಂದ, ಎಣಿಸಿ 2, 4, 7, 8, 12ನೇ ಮನೆಯಲ್ಲಿ ಕುಜ, ಅಂದರೆ ಮಂಗಳ ಗ್ರಹ, ಕೂತಿದ್ದರೆ ದೋಷ ಅನ್ನುತ್ತಾರೆ. ಹನ್ನೆರಡರಲ್ಲಿ ಐದು ಮನೆ ಅಂದರೆ ನೂರಕ್ಕೆ ಸುಮಾರು 42 ಜನ. ಉತ್ತರದವರು 2ರ ಬದಲು 1ನೇ ಮನೆ ಹಿಡಿಯುತ್ತಾರೆ, ಎರಡನ್ನೂ ಸೇರಿಸಿದರೆ ಸರಿಯಾಗಿ ಅರ್ಧ ಊರು ದೋಷದವರೇ. ಕೆಲವರು ಲಗ್ನದಿಂದ ಮಾತ್ರವಲ್ಲ, ಚಂದ್ರನಿಂದಲೂ ಶುಕ್ರನಿಂದಲೂ ನೋಡಬೇಕು ಅನ್ನುತ್ತಾರೆ. ಮೂರೂ ಕಡೆಯಿಂದ ಎಣಿಸಿದರೆ ನೂರಕ್ಕೆ ಹತ್ತಿರ ಹತ್ತಿರ 80 ಜನರಿಗೆ ಎಲ್ಲೋ ಒಂದು ಕಡೆ ದೋಷ ಬಂದೇ ಬರುತ್ತದೆ.

ಇಷ್ಟು ಜನರಿಗೆ ದೋಷ ಅಂಟಿಸಿದ ಮೇಲೆ ಮದುವೆಗಳು ನಡೆಯಬೇಕಲ್ಲ, ಅದಕ್ಕೆ ವಿನಾಯಿತಿಗಳೂ ಅಷ್ಟೇ ಇವೆ. ಕುಜ ಮೇಷ, ವೃಶ್ಚಿಕದಲ್ಲಿದ್ದರೆ ಸ್ವಂತ ಮನೆ, ದೋಷವಿಲ್ಲ. ಮಕರದಲ್ಲಿದ್ದರೆ ಉಚ್ಚ, ದೋಷವಿಲ್ಲ. ಗುರು ನೋಡುತ್ತಿದ್ದರೆ ಇಲ್ಲ. ಇಬ್ಬರಿಗೂ ಇದ್ದರೆ ಇಲ್ಲ. 28 ವರ್ಷ ದಾಟಿದರೆ ಇಲ್ಲ. ಹಾಗಾಗಿ ಒಬ್ಬ ಜೋಯಿಸರು ಇದೆ ಅಂದಿದ್ದನ್ನು ಇನ್ನೊಬ್ಬರು ಇಲ್ಲ ಅನ್ನುವುದು ಮೋಸವೇ ಆಗಿರಬೇಕಿಲ್ಲ, ಶಾಸ್ತ್ರದಲ್ಲೇ ಎರಡಕ್ಕೂ ಜಾಗವಿದೆ. ಹುಡುಗ ಸರ್ಕಾರಿ ಕೆಲಸದಲ್ಲಿದ್ದರೆ ವಿನಾಯಿತಿ ಬೇಗ ಸಿಗುವುದನ್ನೂ ನೋಡಿದ್ದೇನೆ. ನನಗೆ ಸಿಟ್ಟು ಬರುವುದು ಯಾವುದಕ್ಕೆ ಅಂದರೆ, ದೋಷ ಗಂಡಿಗೂ ಹೆಣ್ಣಿಗೂ ಒಂದೇ ಪ್ರಮಾಣದಲ್ಲಿ ಬರಬೇಕು, ಆದರೆ 'ಅವಳಿಗೆ ಕುಜದೋಷವಂತೆ' ಅನ್ನುವ ಮಾತು ಹುಡುಗಿಯ ಹೆಸರಿಗೆ ಅಂಟಿದಷ್ಟು ಹುಡುಗನ ಹೆಸರಿಗೆ ಅಂಟುವುದಿಲ್ಲ.

ದೋಷ ಕಳೆಯಲು ಬಾಳೆ ಗಿಡಕ್ಕೆ ಮದುವೆ ಮಾಡಿಸಬೇಕಂತೆ?

ಮೊದಲು ಬಾಳೆ ಗಿಡಕ್ಕೋ ಕುಂಭಕ್ಕೋ ಮದುವೆ ಮಾಡಿಸಿ, ಆ ಗಂಡ 'ಸತ್ತ' ಲೆಕ್ಕ ಮಾಡಿ, ಆಮೇಲೆ ನಿಜವಾದ ಮದುವೆ. ಗಂಡಸರು ಮೂರನೇ ಮದುವೆಯಾಗುವಾಗ ಎಕ್ಕದ ಗಿಡಕ್ಕೆ ತಾಳಿ ಕಟ್ಟುವ ಪದ್ಧತಿಯೂ ಇದೆ. ಹುಡುಗಿಗೆ ಇದರಲ್ಲಿ ಮನಸ್ಸಿಲ್ಲದಿದ್ದರೆ ಮಾಡಿಸಬೇಡಿ, ಅಷ್ಟೇ. ಮದುವೆಗೆ ಮುಂಚೆಯೇ ಅವಳನ್ನು ವಿಧವೆ ಮಾಡುವ ನಾಟಕ ಅವಳ ತಲೆಯಲ್ಲಿ ಎಷ್ಟು ದಿನ ಕೂರುತ್ತದೆ ಅಂತ ಮಾಡಿಸಿದವರಿಗೆ ಗೊತ್ತಾಗುವುದಿಲ್ಲ.

ಮೂಲ ನಕ್ಷತ್ರದ ಹುಡುಗಿ ಬಂದರೆ ಮಾವನಿಗೆ ಆಗಲ್ಲವಾ?

ಮೂಲಾ ಮಾವನಿಗೆ, ಆಶ್ಲೇಷಾ ಅತ್ತೆಗೆ, ಜ್ಯೇಷ್ಠಾ ಗಂಡನ ಅಣ್ಣನಿಗೆ, ವಿಶಾಖಾ ಮೈದುನನಿಗೆ ಅಂತ ಮನೆಮಂದಿಯನ್ನೆಲ್ಲ ಹಂಚಿಟ್ಟಿದ್ದಾರೆ. ಚಂದ್ರ 27 ನಕ್ಷತ್ರಗಳನ್ನು ಸುಮಾರು 27 ದಿನದಲ್ಲಿ ಸುತ್ತುತ್ತಾನೆ, ಒಂದೊಂದರಲ್ಲಿ ಹೆಚ್ಚುಕಡಿಮೆ ಒಂದು ದಿನ. ಹಾಗಾದರೆ ಪ್ರತಿ 27 ಹುಡುಗಿಯರಲ್ಲಿ ನಾಲ್ಕು ಜನ ಈ ಪಟ್ಟಿಗೆ ಬರುತ್ತಾರೆ. ತುಮಕೂರಿನ ಒಂದು ದೊಡ್ಡ ಆಸ್ಪತ್ರೆಯಲ್ಲಿ ಮೂಲಾ ನಕ್ಷತ್ರದ ದಿನ ಹುಟ್ಟಿದ ಎಲ್ಲ ಹೆಣ್ಣುಮಕ್ಕಳ ಮಾವಂದಿರೂ ಒಟ್ಟಿಗೆ ಹೋಗಬೇಕಾಗುತ್ತದೆ! ಸೊಸೆ ಬರುವ ಹೊತ್ತಿಗೆ ಮಾವನಿಗೆ ಅರವತ್ತರ ಹತ್ತಿರ ವಯಸ್ಸು, ಸಕ್ಕರೆ ಕಾಯಿಲೆ, ಬಿಪಿ, ಮೇಲೆ ಬೀಡಿ. ಅವರಿಗೆ ಏನಾದರೂ ಆದರೆ ಸೊಸೆಯ ನಕ್ಷತ್ರ ನೆನಪಾಗುತ್ತದೆ, ಬೀಡಿ ನೆನಪಾಗುವುದಿಲ್ಲ.

ಇದರ ನಿಜವಾದ ಪರಿಣಾಮ ಏನು ಗೊತ್ತಾ? ಹುಡುಗಿಯ ಮನೆಯವರು ಮಾವ ಇಲ್ಲದ ಮನೆ ಹುಡುಕುತ್ತಾರೆ. ಸಿಗದಿದ್ದರೆ ಹುಟ್ಟಿದ ಸಮಯವನ್ನೇ ತಿದ್ದಿ ಬೇರೆ ಜಾತಕ ಬರೆಸುತ್ತಾರೆ, ಅದನ್ನು ನಂಬಿ ಎದುರಿನವರು 'ಚೆನ್ನಾಗಿ ಕೂಡಿದೆ' ಅನ್ನುತ್ತಾರೆ. ತಿದ್ದಿದ ಜಾತಕದ ಮೇಲೆ ನಡೆದ ಮದುವೆಗಳೂ ಉಳಿದವುಗಳ ಹಾಗೇ ನಡೆಯುತ್ತಿವೆ. ಅದೇ ಸಾಕಲ್ಲ ಉತ್ತರ. ನಕ್ಷತ್ರದ ಮೊದಲ ಪಾದಕ್ಕೆ, ಅಂದರೆ ಮೊದಲ ಕಾಲು ಭಾಗಕ್ಕೆ, ಮಾತ್ರ ದೋಷ ಅನ್ನುವ ಪಂಚಾಂಗದವರೂ ಇದ್ದಾರೆ, ಮನೆಯಲ್ಲಿ ಹಿರಿಯರನ್ನು ಒಪ್ಪಿಸಬೇಕಾದರೆ ಆ ದಾರಿ ಹಿಡಿಯಿರಿ.

ಗುರುಬಲ ಬಂದ ವರ್ಷವೇ ನಮ್ಮಣ್ಣನಿಗೆ ಮದುವೆ ಆಯಿತು. ಇದಕ್ಕೇನು ಹೇಳುತ್ತೀರಿ?

ಗುರು ಒಂದು ರಾಶಿಯಲ್ಲಿ ಸುಮಾರು ಒಂದು ವರ್ಷ ಇರುತ್ತಾನೆ. ನಿಮ್ಮ ರಾಶಿಯಿಂದ 2, 5, 7, 9, 11ರಲ್ಲಿ ಬಂದರೆ ಗುರುಬಲ. ಎಣಿಸಿದರೆ ಗೊತ್ತಾಗುತ್ತದೆ, ಯಾರಿಗೇ ಆದರೂ ಗುರುಬಲವಿಲ್ಲದೆ ಒಂದೇ ಸಮನೆ ಕಳೆಯುವುದು ಹೆಚ್ಚೆಂದರೆ ಎರಡು ವರ್ಷದಷ್ಟು. ಐದನೇ ಮನೆಯಿಂದ ಹನ್ನೊಂದರವರೆಗೆ ಒಂದು ವರ್ಷ ಬಿಟ್ಟು ಒಂದು ವರ್ಷ ಬರುತ್ತಲೇ ಇರುತ್ತದೆ. ಹೆಣ್ಣು ಹುಡುಕಲು ಒಂದೆರಡು ವರ್ಷ ಹೇಗೂ ಹಿಡಿಯುತ್ತದೆ, ಅಷ್ಟರಲ್ಲಿ ಗುರುವೂ ಬಂದಿರುತ್ತಾನೆ. ಅದರ ಮೇಲೆ ಗುರುಬಲ ಬಂತು ಅಂತ ಗೊತ್ತಾದ ತಕ್ಷಣ ಮನೆಯವರು ಜೋರಾಗಿ ಹುಡುಕಲು ಶುರು ಮಾಡುತ್ತಾರೆ, ನೆಂಟರಿಗೆಲ್ಲ ಹೇಳುತ್ತಾರೆ, ಹುಡುಗನೂ ಒಪ್ಪಿಕೊಳ್ಳುವ ಮನಸ್ಸು ಮಾಡುತ್ತಾನೆ. ಮದುವೆ ಆಗದೆ ಇನ್ನೇನು? ಇದು ಯಾರಿಗೂ ಕೆಡುಕು ಮಾಡದ ನಂಬಿಕೆ. ಅವಸರ ಮಾಡುವ ಅಮ್ಮನಿಗೆ 'ಗುರುಬಲ ಇನ್ನೂ ಬಂದಿಲ್ಲ' ಅಂದರೆ ಒಂದು ವರ್ಷ ನೆಮ್ಮದಿ. ಓದು ಮುಗಿಸಬೇಕು ಅನ್ನುವ ಹುಡುಗಿಯರು ಬಳಸಿಕೊಳ್ಳಿ.

36ರಲ್ಲಿ 18 ಗುಣ ಕೂಡಿದರೆ ಸಾಕಾ?

ನಾಡಿಗೆ 8, ಭಕೂಟಕ್ಕೆ 7, ಗಣಕ್ಕೆ 6, ಗ್ರಹಮೈತ್ರಿಗೆ 5, ಯೋನಿಗೆ 4, ತಾರೆಗೆ 3, ವಶ್ಯಕ್ಕೆ 2, ವರ್ಣಕ್ಕೆ 1. ಒಟ್ಟು 36. ಇವೆಲ್ಲ ಚಂದ್ರನಿದ್ದ ರಾಶಿ, ನಕ್ಷತ್ರದ ಮೇಲೆ ನಿಂತ ಅಂಕ. ಹುಡುಗ ಕುಡಿಯುತ್ತಾನಾ, ಸಾಲ ಎಷ್ಟಿದೆ, ಹುಡುಗಿಗೆ ಕೆಲಸ ಬಿಡಿಸುತ್ತಾರಾ ಅನ್ನುವ ಕಾಲಂ ಇದರಲ್ಲಿಲ್ಲ. ಅದನ್ನು ಊರಿಗೆ ಹೋಗಿ ಟೀ ಅಂಗಡಿಯಲ್ಲಿ ಕೂತು ವಿಚಾರಿಸಬೇಕು. ಹತ್ತಿರದ ಸಂಬಂಧದಲ್ಲಿ, ಸೋದರಮಾವನಿಗೋ ಅತ್ತೆ ಮಗನಿಗೋ ಕೊಡುವುದಾದರೆ ಜೋಯಿಸರಿಗಿಂತ ಮೊದಲು ಡಾಕ್ಟರನ್ನು ಕೇಳಿ. ರಕ್ತಸಂಬಂಧದಲ್ಲಿ ಮಕ್ಕಳಿಗೆ ಕೆಲವು ವಂಶವಾಹಿ ಕಾಯಿಲೆ ಬರುವ ಸಾಧ್ಯತೆ ಹೆಚ್ಚು.

ಮದುವೆ ಬೇಗ ಆಗಲು ಯಾವ ದೇವಸ್ಥಾನಕ್ಕೆ ಹೋಗಬೇಕು?

ನಮ್ಮ ಕಡೆ ಇದಕ್ಕೆ ಕೊರತೆಯಿಲ್ಲ. ಚಿಕ್ಕಬಳ್ಳಾಪುರದ ನಂದಿ ಗ್ರಾಮದ ಭೋಗನಂದೀಶ್ವರನಿಗೆ ಹೊಸ ಜೋಡಿಗಳು ಹೋಗುತ್ತಾರೆ. ಬೆಟ್ಟದ ಮೇಲಿರುವವನು ಯೋಗನಂದೀಶ್ವರ, ಎಲ್ಲ ಬಿಟ್ಟವನು, ಅವನ ಹತ್ತಿರ ಮದುವೆ ಕೇಳುವುದು ನ್ಯಾಯವಲ್ಲ. ಕೆಳಗಿನವನನ್ನೇ ಕೇಳಬೇಕು. ಅಲ್ಲಿನ ಕಲ್ಯಾಣ ಮಂಟಪದ ಕರಿಕಲ್ಲಿನ ಕಂಬಗಳಲ್ಲಿ ಶಿವ ಪಾರ್ವತಿ, ವಿಷ್ಣು ಲಕ್ಷ್ಮಿ, ಬ್ರಹ್ಮ ಸರಸ್ವತಿ, ಅಗ್ನಿ ಸ್ವಾಹಾ ಜೋಡಿ ಜೋಡಿಯಾಗಿ ನಿಂತಿದ್ದಾರೆ, ಆ ಕೆತ್ತನೆ ನೋಡಲಿಕ್ಕಾದರೂ ಹೋಗಿ. ಗೌರಿಬಿದನೂರು ತಾಲ್ಲೂಕಿನ ವಿದುರಾಶ್ವತ್ಥದಲ್ಲಿ ನಾಗರಕಲ್ಲುಗಳ ಸಾಲುಗಳೇ ಇವೆ, ಸರ್ಪದೋಷಕ್ಕೆ ಮದುವೆ ತಡವಾಗಿದೆ ಅಂದವರು, ಮಕ್ಕಳಾಗದವರು ಪ್ರತಿಷ್ಠೆ ಮಾಡಿಸಿದ್ದು. ವಿದುರ ನೆಟ್ಟ ಅಂತ ನಂಬಿದ್ದ ಅಲ್ಲಿನ ದೊಡ್ಡ ಅರಳಿಮರ 2001ರಲ್ಲಿ ಬಿತ್ತು, ಜನ ಬರುವುದು ನಿಂತಿಲ್ಲ. ಪಕ್ಕದ ಜಿಲ್ಲೆಯ ಘಾಟಿ ಸುಬ್ರಹ್ಮಣ್ಯಕ್ಕೂ ಇದೇ ಕಾರಣಕ್ಕೆ ಹೋಗುತ್ತಾರೆ. ಕೊರಟಗೆರೆ ಕಡೆಯವರು ಗೊರವನಹಳ್ಳಿ ಲಕ್ಷ್ಮಿಗೆ ಹರಕೆ ಹೊರುತ್ತಾರೆ.

ಹೋಗಿ ಬನ್ನಿ, ಮನಸ್ಸು ಹಗುರವಾಗುತ್ತದೆ. ಪೂಜೆ ದೇವಸ್ಥಾನದ ಕೌಂಟರಿನಲ್ಲೇ ಬರೆಸಿ, ರಸೀದಿ ತೆಗೆದುಕೊಳ್ಳಿ. ಹೊರಗೆ ನಿಂತು 'ನಿಮ್ಮ ದೋಷ ದೊಡ್ಡದು, ವಿಶೇಷ ಶಾಂತಿ ಆಗಬೇಕು' ಅನ್ನುವವರ ಹಿಂದೆ ಹೋಗಬೇಡಿ.

ಭೀಮನ ಅಮಾವಾಸ್ಯೆ ವ್ರತವನ್ನು ಮದುವೆ ಆಗದವರೂ ಮಾಡಬಹುದಾ?

ಮಾಡುತ್ತಾರೆ, ಒಳ್ಳೆ ಗಂಡ ಸಿಗಲಿ ಅಂತ. ಆಷಾಢದ ಅಮಾವಾಸ್ಯೆ. ಅದರ ಕತೆ ಕೇಳಿದರೆ ಮೈ ಜುಮ್ಮೆನ್ನುತ್ತದೆ: ದುಡ್ಡಿನ ಆಸೆಗೆ ಸತ್ತ ರಾಜಕುಮಾರನಿಗೆ ಮದುವೆ ಮಾಡಿಕೊಟ್ಟ ಹುಡುಗಿ, ಹೆಣದ ಪಕ್ಕ ಒಬ್ಬಳೇ ಕೂತು ಮಣ್ಣಿನಲ್ಲಿ ದೀಪ ಮಾಡಿ ಪೂಜೆ ಮಾಡುತ್ತಾಳೆ, ಶಿವ ಪಾರ್ವತಿ ಬಂದು ಅವನನ್ನು ಬದುಕಿಸುತ್ತಾರೆ. ಮದುವೆಯಾದ ಮೇಲೆ ಒಂಬತ್ತು ವರ್ಷ ಮಾಡುವ ರೂಢಿ. ನನಗೆ ಇದರಲ್ಲಿ ಇಷ್ಟವಾಗುವುದು ಭಂಡಾರ ಒಡೆಯುವುದು. ಕಡುಬಿನೊಳಗೆ ಕಾಸು ಇಟ್ಟು ಹೊಸ್ತಿಲ ಮೇಲೆ ಇಡುತ್ತಾರೆ, ಅಣ್ಣ ತಮ್ಮಂದಿರು ಮೊಣಕೈಯಿಂದ ಗುದ್ದಿ ಒಡೆದು ಕಾಸು ತೆಗೆದುಕೊಳ್ಳುತ್ತಾರೆ. ಗಂಡನ ಕಾಲು ತೊಳೆಯುವುದರ ಬಗ್ಗೆ ಈಗಿನ ಹುಡುಗಿಯರಿಗೆ ತಕರಾರಿದೆ. ಇರಲಿ, ಕಡುಬಿಗಂತೂ ತಕರಾರಿಲ್ಲ.

ಆಷಾಢದಲ್ಲಿ ಹೊಸ ಜೋಡಿಯನ್ನು ಯಾಕೆ ಬೇರೆ ಮಾಡುತ್ತಾರೆ?

ಅತ್ತೆ ಸೊಸೆ ಒಂದೇ ಹೊಸ್ತಿಲು ದಾಟಬಾರದು ಅಂತ ಸೊಸೆಯನ್ನು ತವರಿಗೆ ಕಳಿಸುತ್ತಾರೆ. ಆಷಾಢದಲ್ಲಿ ಗರ್ಭ ನಿಂತರೆ ಸುಡುವ ಬೇಸಿಗೆಯಲ್ಲಿ ಹೆರಿಗೆಯಾಗುತ್ತದೆ, ಜತೆಗೆ ಅದು ಉಳುಮೆ ಬಿತ್ತನೆಯ ಕಾಲ, ಹುಡುಗ ಹೊಲದಲ್ಲಿರಬೇಕು ಅಂತ ಹಿರಿಯರು ಕಾರಣ ಕೊಡುತ್ತಾರೆ. ಬೆಂಗಳೂರಿನ ಐಟಿ ಕಂಪನಿಯಲ್ಲಿ ಇಬ್ಬರೂ ದುಡಿಯುವವರಿಗೆ ಇದು ಹೊಂದುವುದಿಲ್ಲ. ಆದರೆ ಮದುವೆಯಾದ ಹೊಸದರಲ್ಲಿ ಒಂದು ತಿಂಗಳು ತವರಿನಲ್ಲಿ ಕಾಲು ಚಾಚಿ ಮಲಗುವ ಅವಕಾಶ ಬಿಟ್ಟುಕೊಡಲು ಎಷ್ಟೋ ಹುಡುಗಿಯರಿಗೆ ಇಷ್ಟವಿಲ್ಲ. ನಾನು ಅವರ ಪರ.

ಯಾರೋ ಮದ್ದು ಹಾಕಿ ಮಗನನ್ನು ಬಲೆಗೆ ಬೀಳಿಸಿಕೊಂಡಿದ್ದಾರೆ ಅನ್ನುತ್ತಾರೆ. ಮದ್ದು ತೆಗೆಸಬೇಕಾ?

ಊಟದಲ್ಲಿ ಏನೋ ಬೆರೆಸಿ ತಿನ್ನಿಸಿದರೆ ಗಂಡಸು ಹೇಳಿದಂತೆ ಕೇಳುತ್ತಾನೆ ಅನ್ನುವ ನಂಬಿಕೆ ನಮ್ಮ ಕಡೆ ಬಹಳ ಗಟ್ಟಿ. ಮಗ ಬೇರೆ ಜಾತಿ ಹುಡುಗಿಯನ್ನು ಇಷ್ಟಪಟ್ಟರೆ, ಗಂಡ ಹೆಂಡತಿ ಮಾತು ಕೇಳಿದರೆ, ಮೊದಲು ಬರುವ ಮಾತೇ 'ಮದ್ದು ಹಾಕಿದ್ದಾಳೆ'. ಮಗನಿಗೆ ಸ್ವಂತ ಮನಸ್ಸಿದೆ ಅಂತ ಒಪ್ಪುವುದಕ್ಕಿಂತ ಇದು ಸುಲಭ. ಅಂಥ ಪದಾರ್ಥ ಯಾವುದೂ ಇಲ್ಲ, ಪ್ರೀತಿ ಹುಟ್ಟಿಸುವ ಔಷಧಿ ಇದ್ದಿದ್ದರೆ ಕಂಪನಿಗಳು ಯಾವತ್ತೋ ಮಾತ್ರೆ ಮಾಡಿ ಮಾರುತ್ತಿದ್ದವು.

ಅಪಾಯ ಇರುವುದು ತೆಗೆಸುವುದರಲ್ಲಿ. ಹೊಟ್ಟೆನೋವು, ಊಟ ಸೇರದಿರುವುದು, ಮೈ ಇಳಿಯುವುದು, ಕೆಮ್ಮು ಇವನ್ನೆಲ್ಲ ಮದ್ದಿನ ಲಕ್ಷಣ ಅನ್ನುತ್ತಾರೆ. ಸೊಪ್ಪಿನ ರಸ ಕುಡಿಸಿ ವಾಂತಿ ಮಾಡಿಸಿ, ಬಂದ ಗಂಟು ತೋರಿಸಿ ಇದೇ ನೋಡಿ ಅನ್ನುತ್ತಾರೆ. ಯಾರಿಗೆ ವಾಂತಿ ಮಾಡಿಸಿದರೂ ಏನಾದರೊಂದು ಬಂದೇ ಬರುತ್ತದೆ. ಇದೇ ಲಕ್ಷಣಗಳು ಹೊಟ್ಟೆ ಹುಣ್ಣಿಗೂ ಕ್ಷಯಕ್ಕೂ ಸಕ್ಕರೆ ಕಾಯಿಲೆಗೂ ಇವೆ. ಎರಡು ವಾರಕ್ಕಿಂತ ಜಾಸ್ತಿ ಕೆಮ್ಮಿದ್ದರೆ ಸರ್ಕಾರಿ ಆಸ್ಪತ್ರೆಯಲ್ಲಿ ಕಫ ಪರೀಕ್ಷೆ ಉಚಿತ, ಕ್ಷಯಕ್ಕೆ ಔಷಧಿಯೂ ಉಚಿತ. ಮದ್ದು ತೆಗೆಸುತ್ತಾ ತಿಂಗಳುಗಟ್ಟಲೆ ಕಳೆಯಬೇಡಿ.

ಬಸ್ಸಿನಲ್ಲಿ 'ಪ್ರೀತಿಯಲ್ಲಿ ಸೋತಿದ್ದೀರಾ, 24 ಗಂಟೆಯಲ್ಲಿ ವಶೀಕರಣ' ಅಂತ ಚೀಟಿ ನೋಡಿದೆ. ಫೋನ್ ಮಾಡಬಹುದಾ?

ಬೇಡ. ಮೊದಲು ಚಿಕ್ಕ ಮೊತ್ತ, ಆಮೇಲೆ ಪೂಜೆ ಅರ್ಧಕ್ಕೆ ನಿಂತರೆ ನಿಮಗೇ ತಿರುಗುತ್ತದೆ ಅಂತ ದೊಡ್ಡ ಮೊತ್ತ, ಕೊನೆಗೆ ನೀವು ಕಳಿಸಿದ ಹುಡುಗಿಯ ಫೋಟೋ ಇಟ್ಟುಕೊಂಡು ಬೆದರಿಕೆ. ಇಷ್ಟೇ ಇದರ ಕ್ರಮ. ಆನ್‌ಲೈನ್‌ನಲ್ಲಿ ದುಡ್ಡು ಹಾಕಿ ಮೋಸಹೋಗಿದ್ದರೆ ತಡ ಮಾಡದೆ 1930ಕ್ಕೆ ಕರೆ ಮಾಡಿ. ವಾಮಾಚಾರ, ಅಮಾನವೀಯ ಪದ್ಧತಿಗಳ ವಿರುದ್ಧ ಕರ್ನಾಟಕದಲ್ಲಿ 2017ರ ಕಾಯ್ದೆ ಇದೆ, 2020ರಿಂದ ಜಾರಿಯಲ್ಲಿದೆ, ಒಂದರಿಂದ ಏಳು ವರ್ಷ ಜೈಲು, 5,000ದಿಂದ 50,000 ರೂಪಾಯಿ ದಂಡ. ಇನ್ನೊಂದು ಮಾತು, ಇದನ್ನು ಸಿಟ್ಟಿನಿಂದಲೇ ಹೇಳುತ್ತೇನೆ: ಬೇಡ ಅಂದ ಹುಡುಗಿಯನ್ನು ಮಂತ್ರದಿಂದ ಒಪ್ಪಿಸಬೇಕು ಅನ್ನುವ ಆಸೆಗೆ ಪ್ರೀತಿ ಅಂತ ಹೆಸರಿಡಬೇಡಿ.

ರೈತರ ಮಕ್ಕಳಿಗೆ ಹೆಣ್ಣೇ ಸಿಗುತ್ತಿಲ್ಲ. ಊರಿಗೆ ಏನಾದರೂ ಶಾಪ ಇದೆಯಾ?

ಶಾಪ ಅಲ್ಲ. ಹೆಣ್ಣು ಮಗು ಬೇಡ ಅಂದ ತಲೆಮಾರಿನ ಫಲ ಒಂದು ಕಡೆ. ಓದಿದ ಹುಡುಗಿಯರು ಕೊಳವೆಬಾವಿ ಬತ್ತಿದ ಹೊಲ, ಸೀಮೆಹಸು, ಸಗಣಿ, ಬೆಳಗಿನ ಜಾವದ ಡೈರಿ ಇವನ್ನೆಲ್ಲ ಅಮ್ಮನ ಬದುಕಿನಲ್ಲಿ ನೋಡಿ ಬೇಡ ಅನ್ನುತ್ತಿರುವುದು ಇನ್ನೊಂದು ಕಡೆ. 2023ರಲ್ಲಿ ಮಂಡ್ಯ ಕಡೆಯ ಹುಡುಗರು ಹೆಣ್ಣು ಸಿಗಲಿ ಅಂತ ಮಲೆ ಮಹದೇಶ್ವರ ಬೆಟ್ಟಕ್ಕೆ ಪಾದಯಾತ್ರೆ ಹೋದರು. ಅದೇ ವರ್ಷ ಚುನಾವಣೆ ಹೊತ್ತಿನಲ್ಲಿ ಕೋಲಾರದಲ್ಲಿ ಎಚ್.ಡಿ. ಕುಮಾರಸ್ವಾಮಿ ರೈತರ ಮಕ್ಕಳನ್ನು ಮದುವೆಯಾಗುವ ಹುಡುಗಿಯರಿಗೆ 2 ಲಕ್ಷ ರೂಪಾಯಿ ಕೊಡುವ ಮಾತಾಡಿದರು. ಸಮಸ್ಯೆ ಅಷ್ಟು ದೊಡ್ಡದಾಗಿದೆ. ಶಾಂತಿ ಹೋಮಕ್ಕೆ ಖರ್ಚು ಮಾಡುವ ದುಡ್ಡಿನಲ್ಲಿ ಮನೆಗೊಂದು ಒಳ್ಳೆ ಬಚ್ಚಲು, ನಲ್ಲಿ, ವಾಷಿಂಗ್ ಮಷೀನು ಹಾಕಿಸಿ, ಸೊಸೆ ಕೆಲಸಕ್ಕೆ ಹೋಗಬಹುದು ಅಂತ ಬಾಯಿಬಿಟ್ಟು ಹೇಳಿ. ಕಂಕಣಬಲ ಅದರಿಂದ ಬೇಗ ಬರುತ್ತದೆ.

ನಾವಿಬ್ಬರೂ ಇಷ್ಟಪಟ್ಟಿದ್ದೇವೆ. ಜಾತಕ ಕೂಡಲಿಲ್ಲ ಅಂತ ಮನೆಯಲ್ಲಿ ಬೇಡ ಅನ್ನುತ್ತಿದ್ದಾರೆ, ಏನು ಮಾಡಲಿ?

ಮೊದಲು ಒಂದು ಗುಟ್ಟು ಹೇಳುತ್ತೇನೆ. 'ಜಾತಕ ಕೂಡಲಿಲ್ಲ' ಅನ್ನುವುದು ನಮ್ಮಲ್ಲಿ ಮರ್ಯಾದೆಯಾಗಿ ಬೇಡ ಅನ್ನುವ ರೀತಿ. ಹುಡುಗಿ ಇಷ್ಟವಾಗಲಿಲ್ಲ, ವರದಕ್ಷಿಣೆ ಸಾಲದು, ಜಾತಿ ಬೇರೆ, ಮನೆ ಚಿಕ್ಕದು ಇವನ್ನೆಲ್ಲ ಮುಖದ ಮೇಲೆ ಹೇಳಲಾಗದೆ ಗ್ರಹಗಳ ಮೇಲೆ ಹಾಕುತ್ತಾರೆ. ಇದರಿಂದ ಎಷ್ಟೋ ಜಗಳ ತಪ್ಪಿದೆ, ಅದು ನಿಜ. ಹಾಗಾಗಿ ಮನೆಯವರ ಜತೆ ನಕ್ಷತ್ರದ ಬಗ್ಗೆ ವಾದ ಮಾಡುವ ಮುಂಚೆ ಅವರಿಗೆ ನಿಜವಾಗಿ ತಡೆ ಯಾವುದು ಅಂತ ಕಂಡುಹಿಡಿಯಿರಿ. ಅದು ಜಾತಕವೇ ಆಗಿದ್ದರೆ ಬೇರೆ ಜೋಯಿಸರು ಸಿಗುತ್ತಾರೆ, ಪರಿಹಾರ ಸಿಗುತ್ತದೆ. ಜಾತಿ ಆಗಿದ್ದರೆ ಯಾವ ಜೋಯಿಸರೂ ಉಪಯೋಗಕ್ಕೆ ಬರುವುದಿಲ್ಲ.

ಕಾನೂನಿಗೆ ಜಾತಕ ಬೇಕಿಲ್ಲ. ಹುಡುಗನಿಗೆ 21, ಹುಡುಗಿಗೆ 18 ತುಂಬಿರಬೇಕು. 1954ರ ವಿಶೇಷ ವಿವಾಹ ಕಾಯ್ದೆಯಲ್ಲಿ ನೋಟಿಸ್ ಕೊಟ್ಟು 30 ದಿನ ಕಾಯಬೇಕು. ನಮ್ಮ ಗೌರಿಬಿದನೂರು ತಾಲ್ಲೂಕಿನ ಹೊಸೂರಿನಲ್ಲಿ ಹುಟ್ಟಿದ ಎಚ್. ನರಸಿಂಹಯ್ಯನವರು ಬೆಂಗಳೂರು ವಿಶ್ವವಿದ್ಯಾಲಯದ ಕುಲಪತಿಯಾಗಿದ್ದಾಗ, 1976ರಲ್ಲಿ, ಪವಾಡಗಳನ್ನು ಪರೀಕ್ಷೆ ಮಾಡಲು ಸಮಿತಿಯನ್ನೇ ಕಟ್ಟಿದವರು. ಆ ಕಡೆಯ ಹುಡುಗ ಹುಡುಗಿಯರು ಅವರ ಹೆಸರು ಹೇಳಿ ಮನೆಯಲ್ಲಿ ವಾದ ಮಾಡುತ್ತಾರೆ. ಅವರು ಮದುವೆಯನ್ನೇ ಆಗಲಿಲ್ಲ ಅಂತ ಮನೆಯವರು ತಿರುಗಿಸಿ ಹೇಳಬಹುದು, ಅದಕ್ಕೂ ಉತ್ತರ ಇಟ್ಟುಕೊಂಡಿರಿ.

ಮುಹೂರ್ತ ಇಲ್ಲದ ದಿನ ಮದುವೆಯಾದರೆ ಏನಾಗುತ್ತದೆ?

ಛತ್ರ ಸುಲಭವಾಗಿ ಸಿಗುತ್ತದೆ, ಬಾಡಿಗೆಯಲ್ಲಿ ಚೌಕಾಸಿ ಮಾಡಬಹುದು, ಅಡುಗೆಯವರು ಒಂದೇ ದಿನ ಮೂರು ಮದುವೆ ಒಪ್ಪಿಕೊಂಡು ಕೈಕೊಡುವುದಿಲ್ಲ. ನೆಂಟರೂ ಎರಡು ಮದುವೆಗೆ ಮುಖ ತೋರಿಸಿ ಓಡದೆ ನಿಮ್ಮಲ್ಲೇ ಕೂತು ಉಣ್ಣುತ್ತಾರೆ. ಕುವೆಂಪು ಮುಹೂರ್ತ, ಜಾತಕ ಎಲ್ಲ ಬಿಟ್ಟು ಮಂತ್ರ ಮಾಂಗಲ್ಯ ಅನ್ನುವ ಸರಳ ಪದ್ಧತಿ ತಂದರು, ಮಗ ತೇಜಸ್ವಿಯ ಮದುವೆಯನ್ನು ಹಾಗೇ ಮಾಡಿಸಿದರು. ಈಗಲೂ ಹಾಗೆ ಆಗುವವರಿದ್ದಾರೆ. ಇನ್ನು ಮುಹೂರ್ತ ನೋಡಿಯೇ ಮಾಡುವವರಿಗೆ ಒಂದು ವಿಷಯ: ತಾಳಿ ಕಟ್ಟಿದ ಮೇಲೆ ಅರುಂಧತಿ ನಕ್ಷತ್ರ ತೋರಿಸುತ್ತಾರಲ್ಲ, ಅದು ಸಪ್ತರ್ಷಿ ಮಂಡಲದಲ್ಲಿ ವಸಿಷ್ಠನ ಪಕ್ಕದ ಸಣ್ಣ ಚುಕ್ಕಿ. ಬೆಳಗ್ಗೆ ಹತ್ತೂವರೆಗೆ ಛತ್ರದ ಹೊರಗೆ ನಿಂತು ಕಂಡಿತಾ ಅಂದರೆ ಕಂಡಿತು ಅಂತ ಇಬ್ಬರೂ ತಲೆ ಆಡಿಸುತ್ತಾರೆ. ನಿಜವಾಗಿ ನೋಡಬೇಕು ಅಂದರೆ ಏಪ್ರಿಲ್, ಮೇ ತಿಂಗಳಲ್ಲಿ ರಾತ್ರಿ ಊಟವಾದ ಮೇಲೆ ಮಹಡಿ ಹತ್ತಿ ಉತ್ತರಕ್ಕೆ ನೋಡಿ. ಮೋಡ ಇಲ್ಲದಿದ್ದರೆ ಬರಿಗಣ್ಣಿಗೇ ಕಾಣುತ್ತದೆ.